ತೋಟದಲ್ಲೇ ಬೆಚ್ಚಗಿಟ್ಟ ರಕ್ತ: ಮಲೆನಾಡಿನಲ್ಲಿ ಇಗ್ರಾ ಮಾಡಿದ ನನ್ನ ಅನುಭವ

ಮೂಡಿಗೆರೆ, ಸಕಲೇಶಪುರ ಕಡೆಯ ಕಾಫಿ ತೋಟಗಳಿಂದ ಇಗ್ರಾಗೆ (ಕ್ಷಯ, ಅಂದರೆ ಟಿಬಿ ಸೋಂಕು ಪತ್ತೆಯ ರಕ್ತ ಪರೀಕ್ಷೆ) ರಕ್ತ ತರುವುದೇ ದಂಡ, ಇಂಡಿಟರ್ಮಿನೇಟ್ (ಸೋಂಕು ಇದೆ, ಇಲ್ಲ ಎರಡೂ ಹೇಳಲಾಗದ ಫಲಿತಾಂಶ) ಬಿಟ್ಟು ಬೇರೇನೂ ಬರುವುದಿಲ್ಲ ಎಂದವರೇ ಹೆಚ್ಚು. ಮೊದಮೊದಲು ಅವರ ಮಾತೇ ನಿಜವಾಗಿತ್ತು. ನಾಲ್ಕು ಟ್ಯೂಬಿನ ಸೆಟ್‌ಗಳು ಸಾಲಾಗಿ ಹಾಳಾದವು. ಮೈಟೋಜೆನ್ (ಕೋಶಗಳನ್ನು ಬೇಕೆಂದೇ ಕೆರಳಿಸುವ ಟ್ಯೂಬು) ಅಂಕಿಯಲ್ಲಿ ನಿಲ್ (ಕೆರಳಿಸುವುದೇನೂ ಇಲ್ಲದ ಟ್ಯೂಬು) ಅಂಕಿ ಕಳೆದರೆ 0.5 ಕೂಡ ಉಳಿಯುತ್ತಿರಲಿಲ್ಲ. ಈಗ ನೂರಕ್ಕೆ ಎರಡೋ ಮೂರೋ ಮಾತ್ರ ಹಾಗಾಗುತ್ತವೆ.

ಮೊದಲ ತಪ್ಪು ಟ್ಯೂಬಿನದು. ಮಾಮೂಲಿ ಕ್ವಾಂಟಿಫೆರಾನ್ (ಇಗ್ರಾದ ಒಂದು ಕಿಟ್) ಟ್ಯೂಬಿನ ನಿರ್ವಾತ ಸುಮಾರು 800 ಮೀಟರ್ ಎತ್ತರದವರೆಗೆ ಸರಿ. ಹಾಸನವೇ 900 ದಾಟಿದೆ, ಚಿಕ್ಕಮಗಳೂರು 1000 ದಾಟಿದೆ. ಟ್ಯೂಬು ತಾನಾಗಿ ಎಳೆದುಕೊಳ್ಳಲಿ ಎಂದು ಬಿಟ್ಟರೆ ಕಪ್ಪು ಗೆರೆ ಮುಟ್ಟುವುದಿಲ್ಲ. ಸಿರಿಂಜಿನಲ್ಲಿ ತೆಗೆದು ತಲಾ 1 ಮಿ.ಲೀ. ಹಾಕಿ. 0.8ಕ್ಕಿಂತ ಕಡಿಮೆಯಾದರೆ ಆ ಟ್ಯೂಬು ಬೇಡ. ಆಮೇಲೆ ಹತ್ತು ಸಲ ಅಲುಗಿಸಬೇಕು; ಆಂಟಿಜೆನ್ (ಟಿಬಿ ಬ್ಯಾಕ್ಟೀರಿಯಾದ ಪ್ರೋಟೀನ್ ತುಣುಕು) ಒಳಗೋಡೆಗೆ ಅಂಟಿರುತ್ತದೆ, ರಕ್ತ ಅದನ್ನು ಪೂರ್ತಿ ತೊಳೆಯಬೇಕು. ಜೋರಾಗಿ ಕುಲುಕಿದರೆ ಜೆಲ್ ಒಡೆದು ಫಲಿತಾಂಶ ಕೆಡುತ್ತದೆ.

ಎರಡನೆಯದು ಚಳಿ ಮತ್ತು ತಡ. ಇಎಸ್‌ಎಟಿ-6, ಸಿಎಫ್‌ಪಿ-10 ಎಂಬ ಆ ತುಣುಕು ಕಂಡ ಟಿ ಕೋಶ (ಸೋಂಕಿನ ನೆನಪಿಟ್ಟುಕೊಳ್ಳುವ ಬಿಳಿ ರಕ್ತಕಣ) ಇಂಟರ್‌ಫೆರಾನ್ ಗಾಮಾ (ಈ ಪರೀಕ್ಷೆ ಅಳೆಯುವ ವಸ್ತು) ಉಗುಳಬೇಕಾದರೆ ಅದು ಜೀವಂತವಾಗಿ, ಚುರುಕಾಗಿ ಇರಬೇಕು. ರಕ್ತ ತೆಗೆದು 16 ಗಂಟೆಯೊಳಗೆ 37 ಡಿಗ್ರಿಗೆ ಸೇರಬೇಕು ಎಂಬುದು ಗೊತ್ತಿದ್ದದ್ದೇ. ಆದರೆ ಜನವರಿ ಬೆಳಗ್ಗೆ ಜೀಪಿನಲ್ಲಿಟ್ಟ ಟ್ಯೂಬು ಕನಿಷ್ಠ ಇರಬೇಕಾದ 17 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಅದಕ್ಕೇ ಇಂಕ್ಯುಬೇಟರನ್ನೇ ತೋಟಕ್ಕೆ ಒಯ್ದೆ: ಮೀನಿನ ಥರ್ಮೋಕೋಲ್ ಪೆಟ್ಟಿಗೆ, ಮೊಟ್ಟೆ ಮರಿ ಮಾಡಿಸುವವರು ಹಾಕುವ ಡಿಜಿಟಲ್ ಥರ್ಮೋಸ್ಟಾಟ್, 25 ವ್ಯಾಟಿನ ಹೀಟರ್ ಪ್ಯಾಡ್, ಕಂಪ್ಯೂಟರ್ ಫ್ಯಾನ್, ಕರೆಂಟ್ ಹೋದಾಗ ನಾಲ್ಕು ಗಂಟೆ ಎಳೆಯುವ 12 ವೋಲ್ಟ್ 7 ಎಎಚ್ ಬ್ಯಾಟರಿ. ಎಲ್ಲ ಸೇರಿ ಮೂರು ಸಾವಿರ ರೂಪಾಯಿ ಚಿಲ್ಲರೆ. ಒಂದೆರಡು ಸೆಟ್ ಹಾಳಾಗುವುದು ತಪ್ಪಿದರೆ ಇದರ ಹಣ ವಾಪಸ್.

ಫ್ಯಾನ್ ಇಲ್ಲದೆ ಮಾಡಿದ ಮೊದಲ ಪೆಟ್ಟಿಗೆಯಲ್ಲಿ ಮೇಲಕ್ಕೂ ಕೆಳಕ್ಕೂ ಮೂರು ಡಿಗ್ರಿ ವ್ಯತ್ಯಾಸ, ಪ್ಯಾಡಿನ ಪಕ್ಕದ ಟ್ಯೂಬು 41ಕ್ಕೆ ಹೋಯಿತು. ಸೆನ್ಸರನ್ನು ಗಾಳಿಯಲ್ಲಿ ತೂಗುಬಿಡಬೇಡಿ, ನೀರು ತುಂಬಿದ ಟ್ಯೂಬಿನೊಳಗೆ ಇಳಿಸಿ. ಫ್ಯಾನ್ ಕೂರಿಸುವ ಜಾಗ ಮಾತ್ರ ನನ್ನಲ್ಲೇ ಇರಲಿ. ಒಬ್ಬರದೇ ರಕ್ತವನ್ನು ಎರಡು ಪಾಲು ಮಾಡಿ, ಲ್ಯಾಬಿನ ಇಂಕ್ಯುಬೇಟರಿನಲ್ಲೂ ಇಟ್ಟು ತಾಳೆ ನೋಡಿದ ಮೇಲೆಯೇ ನಂಬಿದ್ದು. 16ರಿಂದ 24 ಗಂಟೆ ನೆಟ್ಟಗೆ ನಿಲ್ಲಿಸಿಟ್ಟ ನಂತರ ಅವಸರವಿಲ್ಲ, ಸೆಂಟ್ರಿಫ್ಯೂಜ್‌ಗೆ ಮೂರು ದಿನ ಸಮಯವಿದೆ.

ಎಲ್ಲ ಸರಿ ಮಾಡಿದರೂ ಮೈಟೋಜೆನ್ ಕಡಿಮೆ ಬಂದರೆ ಪೆಟ್ಟಿಗೆಯನ್ನು ದೂರಬೇಡಿ, ಲಿಂಫೋಸೈಟ್ (ಟಿ ಕೋಶವೂ ಸೇರಿದ ಬಿಳಿ ರಕ್ತಕಣ) ಎಣಿಕೆ ನೋಡಿ.

ಟಿಬಿ ಚಿಕಿತ್ಸೆ ಮುಂದುವರಿದಂತೆ ಇಗ್ರಾದ ಅಂಕಿ ಇಳಿಯುತ್ತದೆಂದು ಆರು ತಿಂಗಳು ಹಿಂದೆ ಬಿದ್ದು ಹಣ ಸುರಿದೆ. ಒಬ್ಬರದು ಇಳಿಯಿತು, ಇನ್ನೊಬ್ಬರದು ಏರಿತು. ಟಿ ಕೋಶದ ನೆನಪು ಔಷಧಿಯ ಮಾತು ಕೇಳುವುದಿಲ್ಲ. ಅದರ ಬದಲು ಹೇಗೂ ಮಾಡಿಸುವ ಸಿಬಿಸಿಯಲ್ಲೇ (ರಕ್ತಕಣಗಳ ಎಣಿಕೆ) ಮೊನೊಸೈಟನ್ನು (ಇನ್ನೊಂದು ಬಗೆಯ ಬಿಳಿ ರಕ್ತಕಣ) ಲಿಂಫೋಸೈಟಿನಿಂದ ಭಾಗಿಸಿ ನೋಡಿದೆ. ಎರಡನೇ ತಿಂಗಳಿಗೇ ಬಹಳ ಜನರಲ್ಲಿ ಇಳಿದಿತ್ತು, ಖರ್ಚು ಸೊನ್ನೆ. ಸ್ಟೀರಾಯ್ಡ್ ತೆಗೆದುಕೊಳ್ಳುವವರನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬೇಡಿ, ಅವರ ಲಿಂಫೋಸೈಟ್ ಆ ಔಷಧಿಯಿಂದಲೇ ಇಳಿದಿರುತ್ತದೆ.