ಮೂಲೆಯಲ್ಲಿ ನಿಂತಿದ್ದ ಮೊಲ

ಮಕ್ಕಳಿಗೆ ದಯೆಯ ಬಗ್ಗೆ ಒಂದು ಚಿತ್ರಪುಸ್ತಕ ಮಾಡಬೇಕು ಅಂತ ಕೂತಾಗ ಕಥೆ ನನ್ನ ತಲೆಯಲ್ಲಿ ಸಿದ್ಧವಾಗಿಯೇ ಇತ್ತು. ಒಂದು ಕರಡಿ ಮರಿ. ಮಾತಾಡುವಾಗ ಉಗ್ಗುತ್ತದೆ. ಕೋತಿ ಮತ್ತು ಅದರ ಗೆಳೆಯರು ದಿನಾ ಅದನ್ನು ಅಣಕಿಸುತ್ತಾರೆ. ಒಂದು ದಿನ ತೋಳ ಬರುತ್ತದೆ. ಕರಡಿ ಮರಿ ಜೋರಾಗಿ ಗುಡುಗಿ ತೋಳವನ್ನು ಓಡಿಸಿಬಿಡುತ್ತದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಕೋತಿ ಕ್ಷಮೆ ಕೇಳುತ್ತದೆ, ಕಥೆ ಮುಗಿಯುತ್ತದೆ. ಎರಡೇ ದಿನದಲ್ಲಿ ಬರೆದೆ. ಪೆನ್ಸಿಲ್‌ನಲ್ಲಿ ಚಿತ್ರ ಗೀಚಿದೆ. ಹಾಳೆ ಮಡಚಿ, ನಡುವೆ ದಾರ ಹೊಲಿದು, ಪರಿಚಯದ ಮಕ್ಕಳನ್ನು ಕೂರಿಸಿಕೊಂಡು ಓದಿದೆ.

ಓದಿ ಮುಗಿಸಿದಾಗ ಆರು ವರ್ಷದ ಒಬ್ಬಳು ಹುಡುಗಿ ಕೇಳಿದಳು: "ತೋಳ ಬರದೇ ಇದ್ದಿದ್ರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ತೋಳ ಬರದೇ ಇದ್ದಿದ್ದರೆ ಆ ಮರಿಯನ್ನು ಅವರು ಅಣಕಿಸುತ್ತಲೇ ಇರುತ್ತಿದ್ದರು, ಅಲ್ವಾ? ಹಾಗಾದರೆ ನಾನು ಬರೆದದ್ದು ಏನು? "ಮೊದಲು ನಮಗೊಂದು ದೊಡ್ಡ ಉಪಕಾರ ಮಾಡು, ಆಮೇಲೆ ನಿನ್ನನ್ನು ಬಿಡ್ತೀವಿ." ಅಣಕಿಸಿಕೊಳ್ಳುತ್ತಿರುವ ಮಗುವಿಗೆ ಇದಕ್ಕಿಂತ ಕೆಟ್ಟ ಮಾತು ಇನ್ನೊಂದಿಲ್ಲ. ಅದು ಯಾರನ್ನೂ ಕಾಪಾಡಬೇಕಾಗಿಲ್ಲ, ಏನನ್ನೂ ಸಾಬೀತು ಮಾಡಬೇಕಾಗಿಲ್ಲ. ಸುಮ್ನೆ ಇದ್ದರೂ ಅದನ್ನು ನೋಯಿಸುವ ಹಕ್ಕು ಯಾರಿಗೂ ಇಲ್ಲ. ತೋಳದ ಪುಟಗಳನ್ನು ಅವತ್ತೇ ಹರಿದು ಹಾಕಿದೆ.

ಎರಡನೇ ಸಲ ಬರೆಯುವಾಗ, ಕೋತಿ ಮಾಡುವುದಕ್ಕೆ ಏನನ್ನಬೇಕು ಅನ್ನುವ ಪದವೇ ಅಡ್ಡ ಬಂತು. ಕೀಟಲೆ ಅಂದರೆ ತೀರಾ ಹಗುರ. ಪೀಡನೆ ಅಂದರೆ ಪೊಲೀಸ್ ದೂರಿನ ಭಾಷೆ. ಇಂಗ್ಲಿಷಿನ ಬುಲ್ಲಿಯಿಂಗ್ ಅಂತಲೇ ಬರೆದರೆ ಐದು ವರ್ಷದ ಮಗುವಿಗೆ ಏನೂ ತಿಳಿಯುವುದಿಲ್ಲ. ರೇಗಿಸುವುದು, ಛೇಡಿಸುವುದು, ಅಣಕಿಸುವುದು, ಕಾಡಿಸುವುದು, ಗೋಳು ಹೊಯ್ದುಕೊಳ್ಳುವುದು ಎಲ್ಲವೂ ನಮ್ಮಲ್ಲಿವೆ. ಆದರೆ ಗೆಳೆಯರು ನಗುನಗುತ್ತಾ ರೇಗಿಸಿಕೊಳ್ಳುವುದು ಎಲ್ಲಿ ಮುಗಿಯುತ್ತದೆ, ಇನ್ನೊಂದು ಎಲ್ಲಿ ಶುರುವಾಗುತ್ತದೆ? ನಾರ್ವೆಯಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಡ್ಯಾನ್ ಓಲ್ವೇಯಸ್ 1970ರ ದಶಕದಿಂದ ಇದರ ಮೇಲೆಯೇ ಅಧ್ಯಯನ ಮಾಡಿದವರು. ಅವರು ಮೂರು ಗುರುತು ಹೇಳಿದ್ದಾರೆ. ಬೇಕೆಂದೇ ನೋಯಿಸುವುದು. ಮತ್ತೆ ಮತ್ತೆ ನೋಯಿಸುವುದು. ನೋಯುವವರಿಗೆ ಸುಲಭವಾಗಿ ತಿರುಗಿ ನಿಲ್ಲಲು ಆಗದಷ್ಟು ಬಲದ ಅಂತರ ಇರುವುದು.

ಈ ಮೂರನ್ನೂ ನಾನು ಪದದಲ್ಲಿ ಹೇಳಲಿಲ್ಲ, ಚಿತ್ರಕ್ಕೆ ಬಿಟ್ಟೆ. ಮೊದಲ ಮೂರು ಜೋಡಿ ಪುಟಗಳಲ್ಲಿ ಒಂದೇ ಮರ, ಒಂದೇ ಜಾಗ, ಒಂದೇ ಆಟ. ಬದಲಾಗುವುದು ಕರಡಿ ಮರಿ ಮಾತ್ರ. ಮೊದಲ ಚಿತ್ರದಲ್ಲಿ ಅದು ಮರದಷ್ಟೇ ಹತ್ತಿರ, ದೊಡ್ಡದು. ಎರಡನೆಯದರಲ್ಲಿ ಕುಗ್ಗಿದೆ. ಮೂರನೆಯದರಲ್ಲಿ ಪುಟದ ಕೆಳಗಿನ ಅಂಚಿಗೆ ಹೋಗಿ ಕೂತಿದೆ, ಮುಕ್ಕಾಲು ಪುಟ ಖಾಲಿ ಬಿಳಿ. ಅಲ್ಲಿ ಬರೆದಿದ್ದು ಒಂದೇ ಮಾತು: "ಇವತ್ತೂ." ಓದಲು ಬಾರದ ಮಕ್ಕಳೂ ಆ ಪುಟದಲ್ಲಿ ಸುಮ್ಮನಾಗುವುದನ್ನು ನಾನು ನೋಡಿದ್ದೇನೆ.

ಆದರೂ ಕಥೆ ಸಿಕ್ಕಿರಲಿಲ್ಲ. ದಯೆಯ ಕಥೆ ಅಲ್ವಾ ಅಂತ ಕರಡಿ ಮರಿಯ ಕೈಯಲ್ಲೇ ಕೋತಿಯನ್ನು ಅಪ್ಪಿಕೊಳ್ಳುವಂತೆ ಮಾಡಿದ್ದೆ. ಆ ಅಪ್ಪುಗೆಗೆ ಕೋತಿ ಕರಗಿ ಒಳ್ಳೆಯದಾಗುತ್ತಿತ್ತು. ಮಕ್ಕಳ ಜೊತೆ ಆಪ್ತಸಮಾಲೋಚನೆ ಮಾಡುವ ಒಬ್ಬ ಪರಿಚಿತರಿಗೆ ತೋರಿಸಿದೆ. ಅವರು ಆ ಪುಟದ ಮೇಲೆ ಕೈ ಇಟ್ಟು, "ಪೆಟ್ಟು ತಿಂದವರೇ ಮೊದಲು ಒಳ್ಳೆಯವರಾಗಬೇಕಾ?" ಅಂದರು. ಅಷ್ಟೇ. ಆ ಪುಟವೂ ಹೋಯಿತು.

ಮತ್ತೆ ದಯೆ ತೋರಿಸಬೇಕಾದವರು ಯಾರು? ಉತ್ತರ ನನ್ನದೇ ಚಿತ್ರದಲ್ಲಿತ್ತು. ಬಿಳಿ ಜಾಗ ಜಾಸ್ತಿಯಾಯಿತು ಅಂತ ಹಿಂದೆ ಮೂಲೆಯಲ್ಲಿ ಒಂದು ಮೊಲ ಬರೆದಿದ್ದೆ. ಅದಕ್ಕೆ ಕಥೆಯಲ್ಲಿ ಕೆಲಸವೇ ಇರಲಿಲ್ಲ. ಇನ್ನೊಮ್ಮೆ ಓದಿ ತೋರಿಸುವಾಗ ಒಬ್ಬ ಹುಡುಗ ಕರಡಿಯನ್ನೂ ನೋಡಲಿಲ್ಲ, ಕೋತಿಯನ್ನೂ ನೋಡಲಿಲ್ಲ. ಪ್ರತಿ ಪುಟದಲ್ಲೂ ಆ ಮೊಲದ ಮೇಲೆ ಬೆರಳಿಡುತ್ತಾ ಬಂದ. "ಇದು ಯಾಕೆ ನಿಂತ್ಕೊಂಡೇ ಇದೆ?"

ಆ ಪ್ರಶ್ನೆ ಹಿಡಿದು ಓದಲು ಶುರುಮಾಡಿದೆ. ಕೆನಡಾದ ಸಂಶೋಧಕರು ಶಾಲೆಯ ಆಟದ ಮೈದಾನದಲ್ಲಿ ಮಕ್ಕಳನ್ನು ಕ್ಯಾಮೆರಾದಲ್ಲಿ ಗಮನಿಸಿ 2001ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಸಿಕ್ಕಿತು. ಅವರು ನೋಡಿದ ಕಾಡಿಸುವ ಘಟನೆಗಳಲ್ಲಿ ಶೇ. 88ರಷ್ಟು ಸಲ ಬೇರೆ ಮಕ್ಕಳು ಅಲ್ಲೇ ಇದ್ದರು. ಆ ಮಕ್ಕಳು ಮಧ್ಯೆ ಬಂದದ್ದು ಶೇ. 19ರಷ್ಟು ಸಲ ಮಾತ್ರ. ಆದರೆ ಹಾಗೆ ಬಂದಾಗ, ಅರ್ಧಕ್ಕಿಂತ ಹೆಚ್ಚು ಸಲ, ಶೇ. 57, ಹತ್ತೇ ಸೆಕೆಂಡಿನೊಳಗೆ ಗಲಾಟೆ ನಿಂತಿತ್ತು. ಹತ್ತು ಸೆಕೆಂಡು! ಫಿನ್ಲೆಂಡಿನ ಸಂಶೋಧಕಿ ಕ್ರಿಸ್ಟೀನಾ ಸಾಲ್ಮಿವಲ್ಲಿ ಮತ್ತು ಜೊತೆಗಾರರು 1996ರಲ್ಲೇ ಇದನ್ನು ಇನ್ನೊಂದು ಬಗೆಯಲ್ಲಿ ತೋರಿಸಿದ್ದರು. ಕಾಡಿಸುವವರು ಮತ್ತು ಕಾಡಿಸಿಕೊಳ್ಳುವವರ ಜೊತೆಗೆ ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ದೂರ ನಿಲ್ಲುವವರು, ಪರ ನಿಲ್ಲುವವರು ಇರುತ್ತಾರೆ ಅಂತ.

ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಚಿಕ್ಕವಳಿದ್ದಾಗ ನಮ್ಮ ತರಗತಿಯಲ್ಲಿ ಉಗ್ಗುವ ಒಬ್ಬ ಹುಡುಗನಿದ್ದ. ನಾನು ಅವನನ್ನು ಎಂದೂ ಅಣಕಿಸಲಿಲ್ಲ. ಆದರೆ ಬೇರೆಯವರು ಅಣಕಿಸಿದಾಗ ನಕ್ಕಿದ್ದೇನೆ. ಇಷ್ಟು ವರ್ಷ ನಾನು ಆ ಲೆಕ್ಕದಲ್ಲೇ ಇಲ್ಲ ಅಂದುಕೊಂಡಿದ್ದೆ. ಕರಡಿ ಮರಿ ಯಾಕೆ ಉಗ್ಗುತ್ತದೆ ಅನ್ನುವುದೂ ಅವತ್ತೇ ಅರ್ಥವಾಯಿತು.

ಕಥೆ ಮೊಲದ್ದಾಯಿತು.

ಚಿತ್ರಪುಸ್ತಕ ಸಾಮಾನ್ಯವಾಗಿ 32 ಪುಟ. ಅಚ್ಚಿನ ದೊಡ್ಡ ಹಾಳೆಯನ್ನು ಮಡಚಿದಾಗ ಪುಟಗಳು ಎಂಟು, ಹದಿನಾರರ ಲೆಕ್ಕದಲ್ಲಿ ಬರುತ್ತವೆ. ಅದಕ್ಕೇ ಈ ಅಳತೆ. ಹೆಸರಿನ ಪುಟ, ಪ್ರಕಾಶನದ ವಿವರ ಎಲ್ಲ ಕಳೆದರೆ ಕಥೆಗೆ ಉಳಿಯುವುದು 12ರಿಂದ 14 ಜೋಡಿ ಪುಟ. ನಾನು ಮೊದಲು ಬರೆದದ್ದು 900 ಪದ. ಕೊನೆಗೆ ಉಳಿದದ್ದು 310. ಚಿತ್ರ ಹೇಳುವುದನ್ನು ಪದ ಮತ್ತೆ ಹೇಳಬಾರದು. "ಕರಡಿ ಮರಿಗೆ ತುಂಬಾ ಬೇಸರವಾಯಿತು" ಅನ್ನುವ ಸಾಲು ನನಗೆ ಬಹಳ ಇಷ್ಟವಿತ್ತು. ಆದರೆ ಬಗ್ಗಿದ ಬೆನ್ನು ಬರೆದ ಮೇಲೆ ಆ ಸಾಲಿಗೆ ಏನು ಕೆಲಸ?

ಎಲ್ಲಕ್ಕಿಂತ ಹೆಚ್ಚು ದಿನ ಹಿಡಿದದ್ದು ಒಂಬತ್ತನೇ ಜೋಡಿ ಪುಟ. ಎಡಪುಟದಲ್ಲಿ ಮೊಲ, ಬಲಪುಟದ ತುದಿಯಲ್ಲಿ ಕರಡಿ ಮರಿ. ಪುಸ್ತಕದ ನಡುವಿನ ಮಡಿಕೆಯನ್ನೇ ಅವರಿಬ್ಬರ ನಡುವಿನ ಕಂದಕ ಮಾಡಬೇಕು ಅನ್ನಿಸಿತು. ಮೊಲ ಒಂದು ಕಾಲನ್ನು ಆಚೆ ಇಡುತ್ತದೆ. ಆ ಪುಟದಲ್ಲಿ ಒಂದೂ ಅಕ್ಷರವಿಲ್ಲ. ಮಾದರಿ ಪುಸ್ತಕ ಹೊಲಿದು ನೋಡಿದರೆ ಮೊಲದ ಮುಖವೇ ಮಡಿಕೆಯೊಳಗೆ ಮುಳುಗಿಹೋಗಿತ್ತು! ನಾಲ್ಕು ಸಲ ಬರೆದೆ. ಕೊನೆಗೆ ಮುಖವನ್ನು ಎಡಕ್ಕೆ ಉಳಿಸಿ, ಮುಂದಿನ ಪಾದ ಮಾತ್ರ ಮಡಿಕೆ ದಾಟುವಂತೆ ಮಾಡಿದೆ. ಚಿತ್ರಪುಸ್ತಕ ಮಾಡುವವರಿಗೆ ಇದೊಂದು ಮಾತು ಹೇಳುತ್ತೇನೆ. ಕಂಪ್ಯೂಟರ್ ಪರದೆಯನ್ನು ನಂಬಬೇಡಿ. ಕಾಗದದಲ್ಲಿ ಮಡಚಿ, ಹೊಲಿದು, ಪುಟ ತಿರುಗಿಸಿ ನೋಡಿ.

ಆಮೇಲೆ ಮೊಲ ಏನು ಹೇಳಬೇಕು? "ಅಣಕಿಸುವುದು ತಪ್ಪು" ಅಂತ ಬರೆದಿದ್ದೆ. ಯಾವ ಮಗುವೂ ಹಾಗೆ ಮಾತಾಡುವುದಿಲ್ಲ. ಅದೂ ಅಲ್ಲದೆ, ಹೆದರಿದ ಚಿಕ್ಕ ಮೊಲಕ್ಕೆ ಕೋತಿಯನ್ನು ಎದುರಿಸು ಅನ್ನುವುದು ನ್ಯಾಯವೂ ಅಲ್ಲ. ಅದಕ್ಕೇ ಮೊಲ ಕೋತಿಯ ಕಡೆ ತಿರುಗಲೇ ಇಲ್ಲ. ಕರಡಿಯ ಪಕ್ಕ ಹೋಗಿ ಕೂತಿತು. "ಆಡೋಣ ಬಾ" ಅಂದಿತು. ಕರಡಿ ಮರಿ "ಬ... ಬ..." ಅನ್ನುತ್ತದೆ. ಮೊಲ ಕಾಯುತ್ತದೆ. ಪುಟ ತಿರುಗಿಸಬೇಕು. "ಬ..." ಮೊಲ ಇನ್ನೂ ಕಾಯುತ್ತಿದೆ. ಇನ್ನೊಂದು ಪುಟ. "ಬರ್ತೀನಿ."

ಈ ಕಾಯುವ ಪುಟಗಳು ನನ್ನ ಬುದ್ಧಿಯಿಂದ ಬಂದವಲ್ಲ. ಬಾಲ್ಯದಿಂದ ಉಗ್ಗುವ ಒಬ್ಬರು ಕರಡು ಓದಿದ್ದರು. ಅದರಲ್ಲಿ ಮೊಲ "ಬರ್ತೀನಿ ಅಂತೀಯಾ?" ಅಂತ ತಾನೇ ಮಾತು ಮುಗಿಸಿಬಿಡುತ್ತಿತ್ತು. "ಜನ ಒಳ್ಳೆಯ ಮನಸ್ಸಿನಿಂದಲೇ ಹೀಗೆ ಮಾಡ್ತಾರೆ, ಆದರೆ ನನ್ನ ಮಾತು ನನ್ನ ಬಾಯಿಂದ ಕಿತ್ತುಕೊಂಡ ಹಾಗಾಗುತ್ತೆ" ಅಂದರು. ಕೊನೆಯ ಪುಟದಲ್ಲಿ ಕರಡಿಯ ಉಗ್ಗು ಮಾಯವಾಗಿತ್ತು. ಅದನ್ನೂ ತೆಗೆಯಲು ಹೇಳಿದರು. ಗೆಳೆಯ ಸಿಕ್ಕಿದ ಅಂತ ಉಗ್ಗು ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಈಗ ಕರಡಿ ಮರಿ ಕೊನೆಯವರೆಗೂ ಉಗ್ಗುತ್ತದೆ.

ಕೋತಿಗೆ ಚೂಪು ಹಲ್ಲು, ಗಂಟಿಕ್ಕಿದ ಹುಬ್ಬು ಬರೆದಿದ್ದೆ. ಅಳಿಸಿದೆ. ಕಾಡಿಸುವ ಮಗು ಬೇರೆ ಮಕ್ಕಳ ಹಾಗೇ ಕಾಣುತ್ತದೆ. ರಾಕ್ಷಸನ ಹಾಗೆ ಬರೆದರೆ, ಓದುವ ಯಾವ ಮಗುವೂ ತಾನು ಅದಿರಬಹುದು ಅಂತ ಯೋಚಿಸುವುದೇ ಇಲ್ಲ.

ಇನ್ನೊಂದು ಪುಟ ಕೊನೆಯಲ್ಲಿ ಸೇರಿತು. ಮೊಲ ಮತ್ತು ಕರಡಿ ಮರಿ ಇಬ್ಬರೂ ಹೋಗಿ ದೊಡ್ಡ ಆಮೆಯ ಹತ್ತಿರ ನಡೆದದ್ದನ್ನು ಹೇಳುತ್ತಾರೆ. ಇದಿಲ್ಲದಿದ್ದರೆ ದೊಡ್ಡವರ ಜವಾಬ್ದಾರಿಯನ್ನೆಲ್ಲ ಪುಟ್ಟ ಮೊಲದ ಹೆಗಲಿಗೆ ಹಾಕಿದ ಹಾಗಾಗುತ್ತಿತ್ತು. ಮಕ್ಕಳು "ಅದು ಚಾಡಿ" ಅಂದರು. ಆಗ ಆಮೆಯ ಬಾಯಲ್ಲಿ ಒಂದು ಮಾತು ಇಟ್ಟೆ: "ಇನ್ನೊಬ್ಬರನ್ನು ಸಿಕ್ಕಿಹಾಕಿಸಲು ಹೇಳಿದರೆ ಚಾಡಿ. ಕಷ್ಟದಿಂದ ಬಿಡಿಸಲು ಹೇಳಿದರೆ ಅದು ಸಹಾಯ." ಪುಸ್ತಕದಲ್ಲಿ ಬುದ್ಧಿಮಾತು ಅಂತ ಉಳಿದಿರುವುದು ಇದೊಂದೇ. ಇದು ಇರಲೇಬೇಕು ಅಂತ ಈಗಲೂ ನಂಬಿದ್ದೇನೆ.

ಮಕ್ಕಳಿಗೆ ಓದಿ ಹೇಳುವವರಿಗೆ ಒಂದು ಮಾತು. ಮುಗಿದ ಕೂಡಲೇ "ಏನು ಕಲಿತೆ?" ಅಂತ ಕೇಳಬೇಡಿ. ದೊಡ್ಡವರಿಗೆ ಬೇಕಾದ ಉತ್ತರ ಮಕ್ಕಳಿಗೆ ಚೆನ್ನಾಗಿ ಗೊತ್ತು, ಅದನ್ನೇ ಕೊಟ್ಟು ಎದ್ದು ಹೋಗುತ್ತಾರೆ. ನಾನು ಮೊದಲ ಪುಟಕ್ಕೆ ಹಿಂತಿರುಗಿ, "ನೀನು ಇಲ್ಲಿ ಯಾರಾಗಿದ್ದೆ?" ಅಂತ ಕೇಳುತ್ತೇನೆ. ಆಮೇಲೆ ಬಾಯಿ ಮುಚ್ಚಿಕೊಂಡು ಕಾಯುತ್ತೇನೆ. ತುಂಬಾ ಮಕ್ಕಳು ಕರಡಿ ಮರಿಯನ್ನು ತೋರಿಸುತ್ತಾರೆ, ಕೆಲವರು ಮೊಲವನ್ನು. ಒಬ್ಬ ಹುಡುಗಿ ಮೊದಲು ಕರಡಿಯನ್ನು ಮುಟ್ಟಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೋತಿಯನ್ನು ಮುಟ್ಟಿದಳು. "ನಿನ್ನೆ ಇದು" ಅಂದಳು. ನಾನು ಏನೂ ಹೇಳಲಿಲ್ಲ. ಅವಳೇ ಪುಟ ತಿರುಗಿಸಿ, ಮೊಲ ಕಾಲಿಡುವ ಜಾಗಕ್ಕೆ ಬಂದು, ಅಲ್ಲೇ ಬೆರಳಿಟ್ಟುಕೊಂಡು ಕೂತಳು.