429 ಕೋಟಿಯ ಸಂಖ್ಯೆಯನ್ನು ಕೈಲೆಕ್ಕದಲ್ಲೇ ಒಡೆದಿದ್ದು

2ರ 32ನೇ ಘಾತಕ್ಕೆ 1 ಕೂಡಿಸಿದರೆ 4,29,49,67,297 ಬರುತ್ತದೆ. 2ರ 1, 2, 4, 8, 16ನೇ ಘಾತಗಳಿಗೆ 1 ಕೂಡಿಸಿದರೆ ಸಿಗುವ 3, 5, 17, 257, 65537 ಸಾಲಿನಲ್ಲಿ ಮುಂದಿನದು ಇದೇ. ಆ ಐದೂ ಅವಿಭಾಜ್ಯ, ಹಾಗಾಗಿ ಇದೂ ಅವಿಭಾಜ್ಯವೇ ಎಂದು 17ನೇ ಶತಮಾನದಲ್ಲಿ ಫ್ರೆಂಚ್ ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್, ಇಲ್ಲ, 641ರಿಂದ ಭಾಗವಾಗುತ್ತದೆ ಎಂದರು. ಕ್ಯಾಲ್ಕುಲೇಟರ್ ಇಲ್ಲದೆ 641ಕ್ಕೆ ತಲುಪೋದು ಹೇಗೆ ಅಂತ ನೋಡಲು ಪೆನ್ಸಿಲ್ ಹಿಡಿದು ಕೂತೆ.

ಸುಮ್ನೆ 3, 7, 11 ಅಂತ ಭಾಗಿಸುತ್ತ ಹೋದರೆ ಮುಗಿಯುವುದಿಲ್ಲ. ವರ್ಗಮೂಲ 65536ರ ಹತ್ತಿರ ಇದೆ, ಅದರೊಳಗೆ 6542 ಅವಿಭಾಜ್ಯಗಳಿವೆ. ಮೊದಲು ಜರಡಿ ಹಿಡಿಯಬೇಕು.

'ಪ' ಎಂಬ ಅವಿಭಾಜ್ಯ ನಮ್ಮ ಸಂಖ್ಯೆಯನ್ನು ಭಾಗಿಸುತ್ತದೆ ಅಂದುಕೊಳ್ಳಿ. ಆಗ 'ಪ'ದಿಂದ ಭಾಗಿಸಿದಾಗ 2ರ 32ನೇ ಘಾತಕ್ಕೆ ಶೇಷ −1 (ಅಂದರೆ 1 ಕೂಡಿಸಿದರೆ ಪೂರ್ತಿ ಭಾಗವಾಗುತ್ತದೆ), ವರ್ಗ ಮಾಡಿದರೆ 64ನೇ ಘಾತಕ್ಕೆ ಶೇಷ 1, ಅದಕ್ಕಿಂತ ಮೊದಲು ಎಲ್ಲೂ 1 ಬರುವುದಿಲ್ಲ. ಇನ್ನು ಫರ್ಮಾ ಅವರ ಚಿಕ್ಕ ಪ್ರಮೇಯದ ಪ್ರಕಾರ 'ಪ−1'ನೇ ಘಾತಕ್ಕೂ ಶೇಷ 1. ಅಂದರೆ 'ಪ−1' 64ರ ಮಗ್ಗಿಯಲ್ಲಿ ಇರಲೇಬೇಕು. ಈ ಪ್ರಮೇಯ ಫರ್ಮಾ ಕೈಯಲ್ಲೇ ಇತ್ತು ಅಲ್ವಾ, ಅದು ನನಗೆ ಇವತ್ತಿಗೂ ಅಚ್ಚರಿ. 1878ರಲ್ಲಿ ಫ್ರೆಂಚ್ ಗಣಿತಜ್ಞ ಲ್ಯೂಕಾ ಇದನ್ನು ಇನ್ನೂ ಬಿಗಿ ಮಾಡಿದರು: 64ರ ಬದಲು 128.

ಈಗ 128ರ ಮಗ್ಗಿಗೆ ಒಂದೊಂದು ಕೂಡಿಸಿ ಬರೆಯಿರಿ. 129, 257, 385, 513, 641. 129 ಮತ್ತು 513 ಮೂರರಿಂದ ಹೋಗುತ್ತವೆ, 385 ಐದರಿಂದ. 257 ಇದೇ ಸಾಲಿನ ಹಿಂದಿನ ಸಂಖ್ಯೆ, ಈ ಸಾಲಿನ ಯಾವ ಎರಡಕ್ಕೂ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲ. ಹಾಗಾಗಿ ನಿಜವಾಗಿ ಭಾಗಿಸಬೇಕಾದ ಮೊದಲ ಸಂಖ್ಯೆಯೇ 641! ಶೇಷ ಸೊನ್ನೆ, ಭಾಗಲಬ್ಧ 67,00,417.

ಇಷ್ಟಕ್ಕೇ ಜಾಸ್ತಿ ಜನ ನಿಲ್ಲಿಸುತ್ತಾರೆ. 67,00,417 ಅವಿಭಾಜ್ಯವೇ? ಅದರ ಅಪವರ್ತನಗಳೂ ಅದೇ ಜರಡಿಯಿಂದ ಬರಬೇಕು. ವರ್ಗಮೂಲ 2588ರ ಸುತ್ತ, ಅಷ್ಟರೊಳಗೆ ಉಳಿಯುವುದು 641, 769, 1153, 1409 ಮಾತ್ರ. ಭಾಗಿಸಿದೆ, ಶೇಷ ಕ್ರಮವಾಗಿ 44, 120, 334, 622. ಅಲ್ಲಿಗೆ ಅದೂ ಅವಿಭಾಜ್ಯ ಅಂತ ಖಾತ್ರಿಯಾಯಿತು.

ಭಾಗಾಕಾರವೇ ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ, ನನಗೆ ಇದೇ ಜಾಸ್ತಿ ಇಷ್ಟ. 641 ಅಂದರೆ 5×128+1, 625+16 ಕೂಡ ಹೌದು. ಮೊದಲನೆಯದರಿಂದ 5×128ಕ್ಕೆ ಶೇಷ −1, ಅದರ 4ನೇ ಘಾತ, ಅಂದರೆ 625 ಗುಣಿಸು 2ರ 28ನೇ ಘಾತ, ಅದಕ್ಕೆ ಶೇಷ 1. ಎರಡನೆಯದರಿಂದ 625ರ ಜಾಗದಲ್ಲಿ −16 ಇಡಬಹುದು. 16 ಅಂದರೆ 2ರ 4ನೇ ಘಾತ, ಹಾಗಾಗಿ 2ರ 32ನೇ ಘಾತಕ್ಕೆ ಶೇಷ −1. ಮುಗಿಯಿತು.

ಸಾಲಿನ ಮುಂದಿನ ಸಂಖ್ಯೆ 20 ಅಂಕಿಯದ್ದು. ಅಲ್ಲಿ ಜರಡಿ 256ರ ಮಗ್ಗಿಯದ್ದು, ಅದರ ಚಿಕ್ಕ ಅಪವರ್ತನ 274177 ಸಿಗುವುದು 1071ನೇ ಜಾಗದಲ್ಲಿ. ಅದನ್ನು ಕಾಗದದ ಮೇಲೆ ಮಾಡಲು ನಾನು ಹೋಗಿಲ್ಲ.