ವಿದೇಶಿ ಆ್ಯಪ್ ನಿಷೇಧ ಸರಿಯೇ? ತೀರ್ಮಾನಕ್ಕೆ ಮುನ್ನ ಪರಿಶೀಲಿಸುವ ಕ್ರಮ

2020ರ ಜೂನ್ 29ರ ರಾತ್ರಿ ಕೇಂದ್ರ ಸರ್ಕಾರವು ಟಿಕ್‌ಟಾಕ್, ಹೆಲೊ, ಶೇರ್‌ಇಟ್, ಯುಸಿ ಬ್ರೌಸರ್ ಸೇರಿದಂತೆ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿತು. ಗಾಲ್ವಾನ್ ಕಣಿವೆಯಲ್ಲಿ 20 ಭಾರತೀಯ ಯೋಧರು ಪ್ರಾಣ ಕಳೆದುಕೊಂಡು ಆಗ ಎರಡು ವಾರವಷ್ಟೇ ಆಗಿತ್ತು. ಆ ದುಃಖ ಮತ್ತು ಸಿಟ್ಟಿನ ನಡುವೆ ನಿಷೇಧವನ್ನು ಪ್ರಶ್ನಿಸುವುದು ದೇಶದ್ರೋಹದಂತೆಯೂ, ಒಪ್ಪುವುದು ತನ್ನಿಂದ ತಾನೇ ಆಗಬೇಕಾದ ಕೆಲಸದಂತೆಯೂ ಅನೇಕರಿಗೆ ಕಂಡಿತು. ಇಂತಹ ಆದೇಶ ಇನ್ನೊಮ್ಮೆ ಬಂದಾಗ, ಅದು ಯಾವ ದೇಶದಲ್ಲಾದರೂ ಸರಿ, ಸಿಟ್ಟನ್ನಾಗಲಿ ಆ್ಯಪ್‌ನ ಮೇಲಿನ ಅಭಿಮಾನವನ್ನಾಗಲಿ ಬದಿಗಿಟ್ಟು ಅದನ್ನು ಹೇಗೆ ತೂಗಿ ನೋಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ನಿಷೇಧಿಸುವ ಅಧಿಕಾರ ಸರ್ಕಾರಕ್ಕೆ ಇರಬೇಕು, ಆದರೆ ಒಡೆತನ ವಿದೇಶಿ ಎಂಬುದೊಂದೇ ಅದಕ್ಕೆ ಸಾಲುವ ಕಾರಣವಲ್ಲ, ಕಾರಣಗಳನ್ನು ಜನರ ಮುಂದಿಡದ ನಿಷೇಧವನ್ನು ಸರಿಯೆಂದು ಒಪ್ಪಿಕೊಳ್ಳಲೂ ನಮಗೆ ಆಧಾರವಿರುವುದಿಲ್ಲ.

ಮೊದಲು, ಸರ್ಕಾರ ಹೇಳುತ್ತಿರುವ ಅಪಾಯ ಯಾವುದು ಎಂಬುದನ್ನು ಬೇರ್ಪಡಿಸಿಕೊಳ್ಳಿ. ಸಾಮಾನ್ಯವಾಗಿ ಮೂರು ಬಗೆಯ ಆರೋಪಗಳು ಒಂದೇ ವಾಕ್ಯದಲ್ಲಿ ಕಲಸಿಕೊಂಡು ಬರುತ್ತವೆ: ಬಳಕೆದಾರರ ಡೇಟಾ ಹೊರದೇಶಕ್ಕೆ ಹೋಗುತ್ತಿದೆ ಎಂಬುದು ಒಂದು, ಜನ ಏನನ್ನು ನೋಡಬೇಕು ಎಂಬುದನ್ನು ಪರದೇಶದ ಸರ್ಕಾರ ಮರೆಯಲ್ಲಿ ನಿಂತು ನಿರ್ಧರಿಸಬಹುದು ಎಂಬುದು ಇನ್ನೊಂದು, ಆ್ಯಪ್‌ನಲ್ಲಿ ಬರುವ ವಿಡಿಯೊಗಳೇ ಕೆಟ್ಟವು ಎಂಬುದು ಮೂರನೆಯದು. ಈ ಮೂರನೆಯ ಆರೋಪಕ್ಕೂ ಒಡೆತನಕ್ಕೂ ಸಂಬಂಧವಿಲ್ಲ. 2019ರ ಏಪ್ರಿಲ್‌ನಲ್ಲಿ ಮದ್ರಾಸ್ ಹೈಕೋರ್ಟ್‌ನ ಮದುರೈ ಪೀಠವು ಅಶ್ಲೀಲತೆ ಮತ್ತು ಮಕ್ಕಳ ಸುರಕ್ಷತೆಯ ಕಾರಣಕ್ಕೆ ಟಿಕ್‌ಟಾಕ್ ತಡೆಯಲು ಹೇಳಿ, ಅದೇ ತಿಂಗಳು ಆ ತಡೆಯನ್ನು ತೆರವುಗೊಳಿಸಿತ್ತು. ಅಂತಹ ವಿಡಿಯೊ ಸ್ವದೇಶಿ ಆ್ಯಪ್‌ನಲ್ಲಿ ಬಂದರೂ ಅಷ್ಟೇ ಕೆಟ್ಟದ್ದು. ಆದ್ದರಿಂದ ಆದೇಶದಲ್ಲಿ ಈ ಕಾರಣವೇ ಮುಖ್ಯವಾಗಿದ್ದರೆ ‘ವಿದೇಶಿ’ ಎಂಬ ಪದವನ್ನು ಅಲ್ಲಿಂದ ತೆಗೆದುಹಾಕಿ ಮತ್ತೊಮ್ಮೆ ಓದಿ ನೋಡಬೇಕು.

ಮೊದಲ ಎರಡು ಆರೋಪಗಳನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಡೇಟಾ ಇರುವ ಸರ್ವರ್ ಎಲ್ಲಿದೆ ಎಂಬುದಕ್ಕಿಂತ, ಕಂಪನಿಯ ಒಡೆಯನಿಗೆ ಯಾವ ಸರ್ಕಾರ ಆಜ್ಞೆ ಮಾಡಬಲ್ಲದು ಎಂಬುದು ಇಲ್ಲಿ ಮುಖ್ಯ. ಚೀನಾದ 2017ರ ರಾಷ್ಟ್ರೀಯ ಗುಪ್ತಚರ ಕಾಯ್ದೆಯ 7ನೆಯ ವಿಧಿಯು ಅಲ್ಲಿನ ಎಲ್ಲ ಸಂಸ್ಥೆಗಳೂ ಗುಪ್ತಚರ ಕಾರ್ಯಕ್ಕೆ ನೆರವಾಗಬೇಕು ಎನ್ನುತ್ತದೆ. ಟಿಕ್‌ಟಾಕ್‌ನ ಮಾತೃಸಂಸ್ಥೆಯಾದ ಬೈಟ್‌ಡಾನ್ಸ್, ತನ್ನ ಕೆಲವು ಉದ್ಯೋಗಿಗಳು ಪತ್ರಕರ್ತರ ಡೇಟಾವನ್ನು ಅಕ್ರಮವಾಗಿ ನೋಡಿದ್ದನ್ನು 2022ರ ಡಿಸೆಂಬರ್‌ನಲ್ಲಿ ತಾನೇ ಒಪ್ಪಿಕೊಂಡಿತು. ಯುರೋಪಿನ ಬಳಕೆದಾರರ ಡೇಟಾ ಚೀನಾಕ್ಕೆ ಹೋದ ಕಾರಣಕ್ಕೆ ಐರ್ಲೆಂಡಿನ ಡೇಟಾ ಸಂರಕ್ಷಣಾ ಆಯೋಗವು 2025ರ ಮೇ ತಿಂಗಳಲ್ಲಿ ಟಿಕ್‌ಟಾಕ್‌ಗೆ 53 ಕೋಟಿ ಯೂರೊ ದಂಡ ವಿಧಿಸಿತು. ಆದೇಶವನ್ನು ಬೆಂಬಲಿಸುವವರು ಮುಂದಿಡಬೇಕಾದದ್ದು ಇಂತಹ ಸಾಕ್ಷ್ಯವನ್ನು, ಬರಿಯ ಅನುಮಾನವನ್ನಲ್ಲ.

ಅನಂತರ, ಅದೇ ಅಪಾಯ ಮಿತ್ರದೇಶದ ಆ್ಯಪ್‌ನಲ್ಲಿಯೂ ಇದೆಯೇ ಎಂದು ನೋಡಬೇಕು. ಫೇಸ್‌ಬುಕ್ ಬಳಕೆದಾರರ ಮಾಹಿತಿಯನ್ನು ಚುನಾವಣಾ ಪ್ರಚಾರಕ್ಕೆಂದು ಪಡೆದುಕೊಂಡ ಬ್ರಿಟನ್ನಿನ ಕೇಂಬ್ರಿಜ್ ಅನಾಲಿಟಿಕಾ ಕಂಪನಿಯ ಪ್ರಕರಣದಲ್ಲಿ ಸುಮಾರು 8.7 ಕೋಟಿ ಜನರ ಮಾಹಿತಿ ದುರುಪಯೋಗವಾಗಿರಬಹುದೆಂದು, ಅವರಲ್ಲಿ ಸುಮಾರು 5.62 ಲಕ್ಷ ಮಂದಿ ಭಾರತೀಯರೆಂದು 2018ರಲ್ಲಿ ಹೇಳಿದ್ದು ಸ್ವತಃ ಫೇಸ್‌ಬುಕ್. ಅದು ಅಮೆರಿಕದ ಕಂಪನಿ. 2020ರಲ್ಲಿ ಟಿಕ್‌ಟಾಕ್ ಬಿಟ್ಟುಹೋದ ಜಾಗಕ್ಕೆ ಬೆಂಗಳೂರಿನ ಶೇರ್‌ಚಾಟ್ ಕಂಪನಿ ಕೆಲವೇ ದಿನಗಳಲ್ಲಿ ‘ಮೋಜ್’ ಆ್ಯಪ್ ತಂದಿತಾದರೂ, ಜುಲೈ ತಿಂಗಳಲ್ಲೇ ಬಂದ, ಫೇಸ್‌ಬುಕ್ ಕಂಪನಿಯದೇ ಆದ ಇನ್‌ಸ್ಟಾಗ್ರಾಮ್ ರೀಲ್ಸ್ ಇಂದು ಎಲ್ಲರ ಕೈಯಲ್ಲಿದೆ. ವಿದೇಶಿ ಒಡೆತನ ಹೋಗಿ ಬಂದದ್ದು ಇನ್ನೊಂದು ವಿದೇಶಿ ಒಡೆತನ. ಶತ್ರುತ್ವ ಇರುವ ದೇಶಕ್ಕೂ ಇಲ್ಲದ ದೇಶಕ್ಕೂ ವ್ಯತ್ಯಾಸ ಮಾಡುವುದು ನ್ಯಾಯವೇ ಇರಬಹುದು. ಆದರೆ ಆಗ ಆದೇಶವು ‘ಡೇಟಾ ರಕ್ಷಣೆ’ ಎನ್ನದೆ ‘ರಾಷ್ಟ್ರದ ಭದ್ರತೆ’ ಎಂದೇ ಹೇಳಬೇಕು.

ಈ ಪದಗಳ ವ್ಯತ್ಯಾಸ ಕಾನೂನಿನಲ್ಲಿ ದೊಡ್ಡದು. ಭಾರತದಲ್ಲಿ ಇಂತಹ ನಿಷೇಧ ಬರುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಸೆಕ್ಷನ್ 69ಎ ಅಡಿಯಲ್ಲಿ. ಆ ಸೆಕ್ಷನ್ ಹೇಳುವ ಕಾರಣಗಳು ಇಷ್ಟೇ: ದೇಶದ ಸಾರ್ವಭೌಮತ್ವ ಮತ್ತು ಅಖಂಡತೆ, ರಕ್ಷಣೆ, ರಾಷ್ಟ್ರದ ಭದ್ರತೆ, ವಿದೇಶಗಳೊಂದಿಗಿನ ಸ್ನೇಹಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಮತ್ತು ಇವುಗಳಿಗೆ ಸಂಬಂಧಿಸಿದ ಅಪರಾಧಗಳಿಗೆ ಪ್ರಚೋದನೆ. ಈ ಪಟ್ಟಿಯಲ್ಲಿ ಖಾಸಗಿತನವೂ ಇಲ್ಲ, ಮಕ್ಕಳ ಅಭಿರುಚಿಯೂ ಇಲ್ಲ. ಈ ಸೆಕ್ಷನ್‌ನ ಜಾರಿಗಾಗಿ ರೂಪಿಸಿದ 2009ರ ನಿಯಮಗಳ ಪ್ರಕಾರ ನಿಷೇಧಕ್ಕೆ ಮುನ್ನ ನೋಟಿಸ್ ಕೊಟ್ಟು ಅಹವಾಲು ಕೇಳಬೇಕು. ತುರ್ತು ಸಂದರ್ಭದಲ್ಲಿ ಮೊದಲು ಮಧ್ಯಂತರ ಆದೇಶ ಹೊರಡಿಸಬಹುದು, ಆದರೆ 48 ಗಂಟೆಯೊಳಗೆ ಅದನ್ನು ಅಧಿಕಾರಿಗಳ ಪರಿಶೀಲನಾ ಸಮಿತಿಯ ಮುಂದಿಡಬೇಕು. 2015ರ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧವೆನ್ನುತ್ತಿದ್ದ 66ಎ ಸೆಕ್ಷನ್ ರದ್ದುಪಡಿಸಿ 69ಎ ಉಳಿಸಿದ್ದಕ್ಕೆ ಮುಖ್ಯ ಕಾರಣಗಳೆಂದರೆ, ಈ ಕಾರ್ಯವಿಧಾನದ ರಕ್ಷಣೆ ಮತ್ತು ಕಾರಣಗಳನ್ನು ಲಿಖಿತವಾಗಿ ದಾಖಲಿಸಬೇಕೆಂಬ ಷರತ್ತು. ಆದರೆ ಅದೇ ನಿಯಮಾವಳಿಯ 16ನೆಯ ನಿಯಮವು ದೂರುಗಳನ್ನೂ ಕೈಗೊಂಡ ಕ್ರಮಗಳನ್ನೂ ಗೋಪ್ಯವಾಗಿಡಬೇಕು ಎನ್ನುತ್ತದೆ. ಕಾರಣ ಬರೆಯಲೇಬೇಕು, ಬರೆದದ್ದನ್ನು ಜನ ಓದುವಂತಿಲ್ಲ ಎಂಬ ಈ ಸ್ಥಿತಿಯೇ ಇಡೀ ವ್ಯವಸ್ಥೆಯ ದೊಡ್ಡ ದೋಷವೆಂದು ನಾನು ನಂಬಿದ್ದೇನೆ. 2020ರಲ್ಲಿ ನಮ್ಮ ಕೈಗೆ ಸಿಕ್ಕಿದ್ದು ಒಂದು ಪತ್ರಿಕಾ ಪ್ರಕಟಣೆ ಮತ್ತು ಒಂದು ಪಟ್ಟಿ.

ಅನುಪಾತದ ಪರೀಕ್ಷೆಯನ್ನೂ ಮಾಡಬೇಕು. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ ಬಂದ ಖಾಸಗಿತನದ ತೀರ್ಪಿನ ನಂತರ, ಹಕ್ಕನ್ನು ಮೊಟಕುಗೊಳಿಸುವ ಕ್ರಮವು ಕಾನೂನುಬದ್ಧವಾಗಿದೆಯೇ, ಅಗತ್ಯವಿದೆಯೇ, ಉದ್ದೇಶಕ್ಕೆ ತಕ್ಕಷ್ಟೇ ಇದೆಯೇ ಎಂದು ಕೇಳುವ ದಾರಿ ಗಟ್ಟಿಯಾಗಿದೆ. ಇದಕ್ಕಿಂತ ಸಣ್ಣ ಮದ್ದು ಇರಲಿಲ್ಲವೇ ಎಂದು ಕೇಳಿ. ಸರ್ಕಾರಿ ನೌಕರರ ಫೋನುಗಳಲ್ಲಿ ಮಾತ್ರ ತಡೆಯಬಹುದು. ಯುರೋಪಿಯನ್ ಕಮಿಷನ್ 2023ರಲ್ಲಿ ಮಾಡಿದ್ದು ಇದನ್ನೇ. ಐರ್ಲೆಂಡಿನಂತೆ ದಂಡ ಹಾಕಬಹುದು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ 16ನೆಯ ಸೆಕ್ಷನ್, ಸೂಚಿಸಿದ ದೇಶಗಳಿಗೆ ಡೇಟಾ ಹೋಗದಂತೆ ತಡೆಯುವ ಅಧಿಕಾರವನ್ನು ಕೇಂದ್ರಕ್ಕೆ ಕೊಡುತ್ತದೆ. ಅಮೆರಿಕವು 2024ರ ಏಪ್ರಿಲ್‌ನಲ್ಲಿ ಮಾಡಿದ ಕಾನೂನು ಟಿಕ್‌ಟಾಕ್‌ಗೆ ಮಾರಾಟದ ದಾರಿಯನ್ನೂ 270 ದಿನಗಳ ಗಡುವನ್ನೂ ನೀಡಿತು, ಸುಪ್ರೀಂ ಕೋರ್ಟ್ 2025ರ ಜನವರಿ 17ರಂದು ಒಮ್ಮತದಿಂದ ಅದನ್ನು ಎತ್ತಿಹಿಡಿಯಿತು. ಶಾಸನಸಭೆಯಲ್ಲಿ ಚರ್ಚೆಯಾಗಿ, ನ್ಯಾಯಾಲಯದಲ್ಲಿ ಪರೀಕ್ಷೆಗೊಳಗಾದ ಈ ದಾರಿ ರಾತ್ರೋರಾತ್ರಿ ಬಂದ ಪ್ರಕಟಣೆಗಿಂತ ಮೇಲು. ಆದರೂ ಅಲ್ಲಿನ ಸರ್ಕಾರವೇ ಆಮೇಲೆ ಜಾರಿಯನ್ನು ಮತ್ತೆ ಮತ್ತೆ ಮುಂದೂಡಿದ್ದನ್ನು ಮರೆಯಬಾರದು. ಅಪಾಯ ಅಷ್ಟು ತುರ್ತಿನದಾಗಿದ್ದರೆ ಹಾಗೆ ಮುಂದೂಡಲು ಬರುತ್ತಿರಲಿಲ್ಲ.

ಎಲ್ಲಕ್ಕಿಂತ ಉಪಯುಕ್ತವಾದ ಪರೀಕ್ಷೆ, ಜಾಗ ಅದಲುಬದಲು ಮಾಡಿ ನೋಡುವುದು. ನೈಜೀರಿಯಾದ ಆಗಿನ ಅಧ್ಯಕ್ಷ ಬುಹಾರಿಯವರ ಟ್ವೀಟ್ ಒಂದನ್ನು ಟ್ವಿಟರ್ ಅಳಿಸಿದ ಬೆನ್ನಿಗೆ, 2021ರ ಜೂನ್‌ನಲ್ಲಿ ಅಲ್ಲಿನ ಸರ್ಕಾರವು ಆ ಜಾಲತಾಣವನ್ನು ನಿಷೇಧಿಸಿ, ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ‘ಕೂ’ ಆ್ಯಪ್‌ನಲ್ಲಿ ಖಾತೆ ತೆರೆಯಿತು. ಕನ್ನಡದಲ್ಲಿ ಬರೆಯಲು ಜಾಗ ಕೊಟ್ಟ ಆ ಆ್ಯಪ್ ಕಡಲಾಚೆ ಹೋದದ್ದನ್ನು ಕಂಡು ಇಲ್ಲಿ ಹಲವರು ಹಿಗ್ಗಿದರು. ಆದರೆ ನೈಜೀರಿಯಾದ ಪ್ರಜೆಗೆ ‘ಕೂ’ ಸಹ ವಿದೇಶಿ ಆ್ಯಪ್ಪೇ. ಒಂದು ವೇಳೆ ಅಲ್ಲಿನ ಸರ್ಕಾರ ‘ಭಾರತೀಯ ಒಡೆತನ’ ಎಂದಷ್ಟೇ ಹೇಳಿ ಅದನ್ನೂ ಮುಚ್ಚಿದ್ದರೆ ನಾವು ಯಾವ ಸಾಕ್ಷ್ಯ ಕೇಳುತ್ತಿದ್ದೆವೋ, ಅದನ್ನೇ ನಮ್ಮ ಸರ್ಕಾರದಿಂದಲೂ ಕೇಳಬೇಕು. ಏಳು ತಿಂಗಳು ನಡೆದ ಆ ಟ್ವಿಟರ್ ನಿಷೇಧ ಕಾನೂನುಬಾಹಿರವೆಂದು ಪಶ್ಚಿಮ ಆಫ್ರಿಕಾ ದೇಶಗಳ ಒಕ್ಕೂಟದ ನ್ಯಾಯಾಲಯವು 2022ರ ಜುಲೈನಲ್ಲಿ ತೀರ್ಪು ನೀಡಿತು. 2024ರಲ್ಲಿ ‘ಕೂ’ ಕೂಡ ಮುಚ್ಚಿತು. ನೋಂದಣಿಯ ನೆಪದಲ್ಲಿ 2025ರ ಸೆಪ್ಟೆಂಬರ್‌ನಲ್ಲಿ 26 ಜಾಲತಾಣಗಳನ್ನು ಒಮ್ಮೆಗೇ ಮುಚ್ಚಿದ ನೇಪಾಳದಲ್ಲಿ ಕೆಲವೇ ದಿನಗಳಲ್ಲಿ ಯುವಕರು ಬೀದಿಗಿಳಿದು, ಗುಂಡೇಟಿಗೆ ಪ್ರಾಣಗಳು ಹೋಗಿ, ಪ್ರಧಾನಿ ಓಲಿ ರಾಜೀನಾಮೆ ಕೊಡಬೇಕಾಯಿತು.

ಇನ್ನು ಕೈಗೊಳ್ಳಬೇಕಾದ ಕೆಲಸ. ನಿಮ್ಮ ಕಿರು ವಿಡಿಯೊ, ಚಿತ್ರ, ಬರಹಗಳ ಮೂಲ ಪ್ರತಿಯನ್ನು ಆ್ಯಪ್‌ನ ಹೊರಗೆ ಇಟ್ಟುಕೊಳ್ಳಿ. 2020ರಲ್ಲಿ ಹಾಗೆ ಮಾಡದವರಿಗೆ ವರ್ಷಗಳ ದುಡಿಮೆಯನ್ನು ಕಾಪಿಡಲು ಸಮಯವೇ ಸಿಗಲಿಲ್ಲ. ಆದೇಶದ ಪ್ರತಿಗಾಗಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯಕ್ಕೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. 30 ದಿನಗಳಲ್ಲಿ ಉತ್ತರ ಬರಬೇಕು. ಭದ್ರತೆಯ ಕಾರಣ ನೀಡಿ ಸೆಕ್ಷನ್ 8(1)(ಎ) ಅಡಿ ನಿರಾಕರಿಸುವ ಸಾಧ್ಯತೆಯೇ ಹೆಚ್ಚು, ಆಗ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬೇಕು. ನ್ಯಾಯಾಲಯದ ದಾರಿಯೂ ಇದೆ, ಮತ್ತು ಅಲ್ಲಿ ಬಳಕೆದಾರರ ಸ್ಥಾನ ಕಂಪನಿಗಿಂತ ಗಟ್ಟಿಯಾಗಿದೆ. ತಡೆ ಆದೇಶಗಳನ್ನು ಪ್ರಶ್ನಿಸಿದ ಟ್ವಿಟರ್‌ಗೆ ಕರ್ನಾಟಕ ಹೈಕೋರ್ಟ್ 2023ರ ಜೂನ್‌ನಲ್ಲಿ 50 ಲಕ್ಷ ರೂಪಾಯಿ ದಂಡ ಹಾಕಿತು. ಜಾಲತಾಣಗಳಿಂದ ಬರಹ, ವಿಡಿಯೊ ತೆಗೆಸಲು ಸರ್ಕಾರ ಬಳಸುವ ‘ಸಹಯೋಗ್’ ಪೋರ್ಟಲ್ ಕುರಿತ ಎಕ್ಸ್ (ಹಿಂದಿನ ಟ್ವಿಟರ್) ಕಂಪನಿಯ ಅರ್ಜಿಯನ್ನು 2025ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡುತ್ತಾ, ವಾಕ್ ಸ್ವಾತಂತ್ರ್ಯ ಕೊಡುವ ಸಂವಿಧಾನದ 19ನೆಯ ವಿಧಿಯ ಹಕ್ಕುಗಳು ಪ್ರಜೆಗಳಿಗೆ ಮಾತ್ರ ಎಂದು ಅದೇ ಹೈಕೋರ್ಟ್ ಹೇಳಿತು. ಆದ್ದರಿಂದ ಸಂವಿಧಾನದ 226ನೆಯ ವಿಧಿಯಡಿ ಹೈಕೋರ್ಟ್‌ಗೆ ರಿಟ್ ಅರ್ಜಿ ಹಾಕುವಾಗ, ತಾನು ಕಟ್ಟಿದ ಖಾತೆಯ ಮೂಲಕ ಮಾತನಾಡುವ, ದುಡಿಯುವ ಹಕ್ಕನ್ನು ಕಳೆದುಕೊಂಡ ಭಾರತೀಯ ಪ್ರಜೆಯೇ ಅರ್ಜಿದಾರನಾಗಿರಬೇಕು. ಅಂಥವರು ತಮ್ಮ ಖಾತೆಯ ವಿವರ, ಬಂದ ಆದಾಯದ ದಾಖಲೆ, ನಿಷೇಧದ ದಿನಾಂಕಗಳನ್ನು ಒಂದು ಕಡತದಲ್ಲಿ ಸೇರಿಸಿಟ್ಟುಕೊಂಡು ವಕೀಲರ ಬಳಿ ಹೋಗುವುದು ಒಳ್ಳೆಯದು.